ಕಂಪೈಲರುಗಳು ತಪ್ಪನ್ನು ಹೇಳಿದ ಬಗೆ

1957ನೆಯ ಇಸವಿಯ ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಅಮೆರಿಕದ ಪಿಟ್ಸ್‌ಬರ್ಗ್ ಸಮೀಪದಲ್ಲಿರುವ ವೆಸ್ಟಿಂಗ್‌ಹೌಸ್ ಬೆಟ್ಟಿಸ್ ಪರಮಾಣು ಪ್ರಯೋಗಾಲಯಕ್ಕೆ ಹೆಸರಾಗಲಿ ವಿವರಣೆಯಾಗಲಿ ಇಲ್ಲದ ಪಂಚ್ ಕಾರ್ಡುಗಳ ಪೆಟ್ಟಿಗೆಯೊಂದು ಬಂದು ತಲುಪಿತು. ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಲ್ಲಿ ನಿರ್ಮಿಸುತ್ತಿದ್ದ ಫೋರ್ಟ್ರಾನ್ ಕಂಪೈಲರೇ ಇದಿರಬೇಕೆಂದು ಊಹಿಸಿದ ಅಲ್ಲಿನ ಹರ್ಬರ್ಟ್ ಬ್ರೈಟ್ ಮತ್ತು ಮಿತ್ರರು, ತಮ್ಮಲ್ಲೊಬ್ಬರು ಬರೆದಿದ್ದ ಪ್ರೋಗ್ರಾಮನ್ನು ಐಬಿಎಂ 704 ಗಣಕಯಂತ್ರಕ್ಕೆ ಉಣಿಸಲಾಗಿ, ಅದು ಒಂದೇ ಒಂದು ದೋಷವನ್ನು ಮುದ್ರಿಸಿ ನಿಂತಿತು: ‘ಗೋಟು’ ಆಜ್ಞೆಯೊಂದರಲ್ಲಿ ಬಲಗಡೆಯ ಆವರಣಚಿಹ್ನೆಯ ತರುವಾಯ ಅಲ್ಪವಿರಾಮವಿಲ್ಲ. ಅಲ್ಪವಿರಾಮವನ್ನು ಸೇರಿಸಿದರು, ಪ್ರೋಗ್ರಾಂ ನಡೆಯಿತು. ಆಜ್ಞೆ ಯಾವ ಜಾತಿಯದು, ಕೊರತೆ ಯಾವುದು, ಅದು ಎಲ್ಲಿದೆ ಎಂಬ ಮೂರನ್ನೂ ಒಂದೇ ವಾಕ್ಯದಲ್ಲಿ ತಿಳಿಸಿದ ಆ ಸೂಚನೆಯನ್ನು ಇಂದು ಓದಿದರೂ ಗೌರವ ಹುಟ್ಟುತ್ತದೆ.

ಆದರೆ ಆ ಕಂಪೈಲರು ಎಲ್ಲ ಸಂದರ್ಭಗಳಲ್ಲಿಯೂ ಇಷ್ಟು ಸ್ಪಷ್ಟವಾಗಿ ನುಡಿಯುತ್ತಿರಲಿಲ್ಲ. ದೋಷಪರಿಶೀಲನೆಯ ದೌರ್ಬಲ್ಯವೇ ಅದರ ಮುಖ್ಯ ನ್ಯೂನತೆಗಳಲ್ಲೊಂದೆಂದು ನಿರ್ಮಾಪಕರೇ ಮನಗಂಡರು. 1958ರಲ್ಲಿ ಹೊರಬಂದ ಎರಡನೆಯ ಫೋರ್ಟ್ರಾನಿನ ಉದ್ದೇಶಗಳಲ್ಲಿ ಅದರ ನಿವಾರಣೆಯೂ ಒಂದಾಗಿತ್ತು.

ತಪ್ಪನ್ನು ತಿಳಿಯಹೇಳುವ ಈ ವಿದ್ಯೆಯನ್ನು ನಿಜವಾಗಿ ಬೆಳೆಸಿದ ಸ್ಥಳ ವಿಶ್ವವಿದ್ಯಾಲಯಗಳ ತರಗತಿಗಳೆಂಬುದು ನನ್ನ ದೃಢವಾದ ಅಭಿಪ್ರಾಯ. ಯಂತ್ರವೊಂದು, ವಿದ್ಯಾರ್ಥಿಗಳು ನೂರಾರು; ಕಾರ್ಡುಗಳ ಕಟ್ಟನ್ನು ಇಂದು ಒಪ್ಪಿಸಿದವನಿಗೆ ಫಲಿತಾಂಶ ಎಷ್ಟೋ ಸಲ ಮರುದಿನವೇ ದೊರೆಯುತ್ತಿದ್ದಿತಾಗಿ, ಒಂದು ಅಕ್ಷರದ ತಪ್ಪಿಗೆ ಒಂದು ದಿನದ ದಂಡ ತೆರಬೇಕಾಗಿತ್ತು. ಆದುದರಿಂದಲೇ ಕಾರ್ನೆಲ್ ವಿಶ್ವವಿದ್ಯಾಲಯದ ರಿಚರ್ಡ್ ಕಾನ್ವೆ ಮತ್ತು ವಿಲಿಯಂ ಮ್ಯಾಕ್ಸ್‌ವೆಲ್ ಅವರು 1960ರ ದಶಕದ ಆದಿಭಾಗದಲ್ಲಿ ರಚಿಸಿದ ‘ಕಾರ್ಕ್’ ಭಾಷೆಯ ಕಂಪೈಲರು, ಕಾಗುಣಿತ ತಪ್ಪಿದ ಹೆಸರುಗಳನ್ನು ತಾನೇ ತಿದ್ದಿಕೊಂಡು ಮುಂದುವರಿಯುವಂತೆ ಏರ್ಪಟ್ಟಿತು. 1965ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ‘ವಾಟ್‌ಫರ್’ ಎಂಬ ವೇಗಶಾಲಿ ಫೋರ್ಟ್ರಾನ್ ಕಂಪೈಲರನ್ನು ಬರೆದವರಂತೂ ಸ್ವತಃ ವಿದ್ಯಾರ್ಥಿಗಳೇ. ಕಾನ್ವೆ ಮತ್ತು ವಿಲ್ಕಾಕ್ಸ್ 1973ರಲ್ಲಿ ವರ್ಣಿಸಿದ ‘ಪಿಎಲ್/ಸಿ’ ಕಂಪೈಲರು ಇನ್ನೂ ಮುಂದೆ ಹೋಯಿತು: ಬಿಟ್ಟುಹೋದ ಅರ್ಧವಿರಾಮವನ್ನೂ ಆವರಣವನ್ನೂ ತಾನೇ ಪೂರೈಸಿ, ತಾನು ಆ ಸಾಲನ್ನು ಯಾವ ರೂಪದಲ್ಲಿ ಗ್ರಹಿಸಿದೆನೆಂಬುದನ್ನು ಕೆಳಗೆ ಮುದ್ರಿಸಿ, ಪ್ರೋಗ್ರಾಮನ್ನು ನಡೆಸಿಯೇ ಬಿಡುತ್ತಿತ್ತು. ಅದರ ಊಹೆ ಕೆಲವೊಮ್ಮೆ ತಪ್ಪುತ್ತಿದ್ದುದು ಸಹಜ. ಆದರೂ ಒಂದೇ ಓಟದಲ್ಲಿ ಹೆಚ್ಚು ದೋಷಗಳು ಬೆಳಕಿಗೆ ಬಂದು, ವಿದ್ಯಾರ್ಥಿಗೆ ದಿನಗಳು ಉಳಿಯುತ್ತಿದ್ದುವು.

ಮರುವರ್ಷ ಜೇಮ್ಸ್ ಹಾರ್ನಿಂಗ್ ಅವರು, ಕಂಪೈಲರು ಬಳಕೆದಾರನಿಗೆ ಏನನ್ನು ಹೇಳಬೇಕೆಂಬುದನ್ನೇ ವಿಷಯವಾಗಿಸಿಕೊಂಡು ಪ್ರಬಂಧ ಬರೆದರು. ಸೂಚನೆಯು ಕಂಪೈಲರಿನ ಆಂತರಿಕ ಸ್ಥಿತಿಯನ್ನಲ್ಲ, ಬರೆದವನ ಮೂಲಪಾಠವನ್ನು ಕುರಿತು ಮಾತನಾಡಬೇಕು. ನಿರ್ದಿಷ್ಟವಾಗಿರಬೇಕು, ವಿನಯದಿಂದಿರಬೇಕು ಎಂಬುದು ಅವರ ಆಶಯ. ಇಷ್ಟನ್ನು ಅರಿತಮೇಲೂ ಕಸುಬು ಹಿಂದೆ ಸರಿದುದೇಕೆ? ಯಂತ್ರಗಳು ಅಗ್ಗವಾದುವು, ಉತ್ತರಗಳು ಕ್ಷಣಾರ್ಧದಲ್ಲಿ ಬರತೊಡಗಿದುವು. ಕಾಯುವವರ ಕಷ್ಟ ನಿರ್ಮಾಪಕರ ಕಣ್ಣಿನಿಂದ ಮರೆಯಾಯಿತು. ಅದೇ ಕಾಲದಲ್ಲಿ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅವರ ‘ಯಾಕ್’ ಮುಂತಾದ ಸಾಧನಗಳು ಭಾಷೆಯ ವ್ಯಾಕರಣದಿಂದ ಕಂಪೈಲರಿಗೆ ಬೇಕಾದ ಕೋಷ್ಟಕಗಳನ್ನು ತಾವೇ ರಚಿಸಿಕೊಡತೊಡಗಿದುವು. ಕೋಷ್ಟಕಕ್ಕೆ ಈ ಹಂತದಲ್ಲಿ ಯಾವ ಚಿಹ್ನೆ ಬರಬಹುದೆಂಬುದು ಗೊತ್ತು, ಬರೆದವನ ಮನಸ್ಸಿನಲ್ಲಿದ್ದುದು ಗೊತ್ತಿಲ್ಲ. ದಾರಿ ಮುಗಿದಲ್ಲಿ ‘ಸಿಂಟ್ಯಾಕ್ಸ್ ಎರರ್’ ಎಂದಷ್ಟೇ ಅದರ ಮಾತು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಟರ್ಬೊ ಸಿ ಎದುರು ಕುಳಿತವರೆಲ್ಲರೂ ಬಲ್ಲ ಸಂಗತಿಯೊಂದುಂಟು: ಐದನೆಯ ಸಾಲಿನ ಕೊನೆಯಲ್ಲಿ ಅರ್ಧವಿರಾಮ ಬಿಟ್ಟುಹೋದರೆ ಕಂಪೈಲರು ಬೆರಳು ತೋರುವುದು ನಿರ್ದೋಷಿಯಾದ ಆರನೆಯ ಸಾಲಿಗೆ, ಏಕೆಂದರೆ ಮುಂದಿನ ಪದವನ್ನು ಓದಿದ ಹೊರತು ಅದಕ್ಕೆ ಕೊರತೆಯ ಅರಿವೇ ಆಗದು. ಈ ಕಾರಣವನ್ನು ಯಾರೂ ಹೇಳಿಕೊಡದೆ, ಸರಿಯಾದ ಸಾಲನ್ನೇ ತಿದ್ದಿ ತಿದ್ದಿ ಧೈರ್ಯಗುಂದಿದ ಮಕ್ಕಳು ಕಡಮೆಯಲ್ಲ.

2007ರಲ್ಲಿ ಸಾರ್ವಜನಿಕವಾದ ‘ಕ್ಲ್ಯಾಂಗ್’ ಕಂಪೈಲರು ತಪ್ಪಿದ ಸಾಲನ್ನು ಹಾಗೆಯೇ ಮುದ್ರಿಸಿ, ತಪ್ಪಿದ ಜಾಗದ ಕೆಳಗೆ ಬಾಣದ ಮೊನೆಯಂಥ ಗುರುತನ್ನಿಡುವುದಕ್ಕೆ ಮತ್ತೆ ಪ್ರಾಧಾನ್ಯ ಕೊಟ್ಟಿತು. ಹಳೆಯ ಕಂಪೈಲರಾದ ‘ಜಿಸಿಸಿ’ಯೂ 2013ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. 2015ರಲ್ಲಿ ಇವಾನ್ ಚಾಪ್ಲಿಕಿ ಅವರ ‘ಎಲ್ಮ್’ ಭಾಷೆ, ಸಹಪಾಠಿಯೊಬ್ಬನಂತೆ ಪೂರ್ಣ ವಾಕ್ಯಗಳಲ್ಲಿ ಕಾರಣವನ್ನು ವಿವರಿಸತೊಡಗಿತು. ಮರುವರ್ಷ ‘ರಸ್ಟ್’ ಭಾಷೆಯ ಕಂಪೈಲರು ತನ್ನ ಸೂಚನೆಗಳ ವಿನ್ಯಾಸವನ್ನೇ ಬದಲಿಸಿತು. ಅದರಲ್ಲಿ ಒಂದು ಮೌಲ್ಯದ ಒಡೆತನವನ್ನು ಮೂರನೆಯ ಸಾಲಿನಲ್ಲಿ ಬಿಟ್ಟುಕೊಟ್ಟು ಏಳನೆಯ ಸಾಲಿನಲ್ಲಿ ಮತ್ತೆ ಬಳಸಿದರೆ, ಒಡೆತನ ಹೋದದ್ದು ಇಲ್ಲಿ, ಬಳಸಿದ್ದು ಅಲ್ಲಿ ಎಂದು ಎರಡೂ ಸ್ಥಳಗಳನ್ನು ಒಂದೇ ಚಿತ್ರದಲ್ಲಿ ಕಾಣಿಸಲಾಗುತ್ತದೆ. ಓದುಗನನ್ನು ಗೊಂದಲಕ್ಕೆ ದೂಡುವ ಸೂಚನೆಯನ್ನು ಅಲ್ಲಿನವರು ಕಂಪೈಲರಿನ ದೋಷವೆಂದೇ ಎಣಿಸುತ್ತಾರೆ. ನಿರೀಕ್ಷಿತ ಸೂಚನೆಗಳ ಪೂರ್ಣಪಾಠವನ್ನು ಪರೀಕ್ಷಾ ಕಡತಗಳಲ್ಲಿ ಕಾಪಿಟ್ಟಿರುವುದರಿಂದ, ಯಾರಾದರೂ ಒಂದು ಪದವನ್ನು ಬದಲಿಸಿದರೂ ಪರಿಶೀಲಕರು ಅದನ್ನು ಓದಿ ಒಪ್ಪಿದ ಬಳಿಕವೇ ಆ ಬದಲಾವಣೆ ಒಳಸೇರುತ್ತದೆ.