‘ಭವಿ’ ಶಬ್ದದ ಅರ್ಥವಿಚಾರ

ವಚನ ವಾಙ್ಮಯವನ್ನು ಓದುವವರಿಗೆ ‘ಭವಿ’ ಎಂಬ ಶಬ್ದವು ಚಿರಪರಿಚಿತ. ಗುರುಕಾರುಣ್ಯವನ್ನು ಪಡೆಯದವನು, ಇಷ್ಟಲಿಂಗಧಾರಣೆ ಇಲ್ಲದವನು ಎಂಬುದು ಅದರ ರೂಢಾರ್ಥ. ‘ಭೂ’ ಧಾತುವಿನಿಂದ ‘ಭವ’. ಭವವೆಂದರೆ ಹುಟ್ಟುಸಾವುಗಳ ಬಂಧನ. ಅದಕ್ಕೆ ಸಿಲುಕಿದವನೇ ಭವಿ.

ಇದೇ ಧಾತುವಿನಿಂದಾದ ‘ಭವ್ಯ’ ಶಬ್ದವನ್ನು ಜೈನ ಶಾಸ್ತ್ರಕಾರರು ಮೋಕ್ಷಾರ್ಹನಾದ ಜೀವನಿಗೆ ಬಳಸಿದರು. ಎಂದೆಂದಿಗೂ ಅರ್ಹನಾಗದವನು ಅವರಲ್ಲಿ ‘ಅಭವ್ಯ’. ಅಭವ್ಯತ್ವವು ಜೀವದ ಸ್ವಭಾವವಾದುದರಿಂದ ಅಳಿಯತಕ್ಕದ್ದಲ್ಲ. ಭವಿತ್ವವಾದರೋ ಗುರುದೀಕ್ಷೆಯಿಂದ ಕಳೆಯತಕ್ಕದ್ದು. ಈ ಅಂತರವು ಗಮನಾರ್ಹ.

12ನೆಯ ಶತಮಾನದ ಕಲ್ಯಾಣದಲ್ಲಿ ಈ ಶಬ್ದವು ನಿಂದೆಯ ಮಾತಾಗಿಯೂ ಬಳಕೆಯಲ್ಲಿತ್ತು. ಭವಿಯಾದ ಬಿಜ್ಜಳನನ್ನು ಓಲೈಸುತ್ತಿರುವರೆಂಬ ಆಕ್ಷೇಪಣೆಯನ್ನು ಬಸವಣ್ಣನವರು ಕೇಳಬೇಕಾಯಿತು. ತಮ್ಮ ಕಾಯಕವು ಸ್ವಾರ್ಥಕ್ಕಲ್ಲವೆಂದು ಅವರು ವಚನದಲ್ಲಿಯೇ ಸಮಾಧಾನ ಹೇಳಿದ್ದಾರೆ. ಶರಣರು ಅಲ್ಲಿಗೇ ನಿಲ್ಲಲಿಲ್ಲ. ಲಿಂಗವನ್ನು ಧರಿಸಿಯೂ ಆಚಾರ ತಪ್ಪಿದವನನ್ನು ಭವಿಗೆ ಸಮನೆಂದು ಎಣಿಸಿದರು. ಭಕ್ತನಾದವನ ಪೂರ್ವಾಶ್ರಮದ ಕುಲವನ್ನು ಅರಸಲಾಗದೆಂದೂ ಸಾರಿದರು.

ಆದುದರಿಂದ ಭವಿ ಎಂಬುದು ಜಾತಿಯ ಹೆಸರಲ್ಲ, ಜೀವನು ದಾಟಬೇಕಾದ ಒಂದು ಅವಸ್ಥೆಯ ಹೆಸರು. ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾನೂ ಮಕ್ಕಳಿಗೆ ‘ಭವಿ ಎಂದರೆ ಅನ್ಯಜಾತಿಯವನು’ ಎಂದು ಅರ್ಥ ಬರೆಸಿದ್ದುಂಟು. ಅದು ಸಣ್ಣ ತಪ್ಪಲ್ಲ. ಹುಟ್ಟಿನ ಭೇದವನ್ನು ಅಳಿಸಹೊರಟವರ ಮಾತಿಗೆ ಹುಟ್ಟಿನ ಭೇದವನ್ನೇ ಹೊರಿಸಿದಂತಾಯಿತು. ಆ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದಿದರೆ, ಹಳೆಯ ಟಿಪ್ಪಣಿಯನ್ನು ದಯಮಾಡಿ ತಿದ್ದಿಕೊಳ್ಳಲಿ.