ಪೇಟಿ ಹಿಡಿದ ಕೈಗೆ ಅನ್ನ: ಗದುಗಿನ ಪುಣ್ಯಾಶ್ರಮ ಕಟ್ಟಿದ ದಾರಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಣ್ಣಿಲ್ಲದ ಮಗು ಹುಟ್ಟಿದರೆ ಓಣಿಯ ಹಿರಿಯರು ಹೇಳುತ್ತಿದ್ದ ಮಾತು ಒಂದೇ: ‘ಗದಗಿನ ಅಜ್ಜಾರ ಕಡೆ ಬಿಡ್ರಿ, ಏನರ ಆಗ್ತಾನ.’ ದೂರದವರಿಗೆ ಇದು ಮಗುವಿನ ಹೊಣೆ ಕಳಚಿಕೊಳ್ಳುವ ಮಾತಿನಂತೆ ಕೇಳಿಸಬಹುದು. ಕೆಲವು ಮನೆಗಳಲ್ಲಿ ಅದು ಹಾಗೆಯೇ ಇತ್ತು, ಮುಚ್ಚಿಡುವುದೇನೂ ಇಲ್ಲ. ಆದರೆ ಆ ಮಾತಿನ ಬೆನ್ನಿಗೆ ಕಣ್ಣಾರೆ ಕಂಡ ಸಂಗತಿಯೂ ಇತ್ತು. ಗದುಗಿಗೆ ಹೋದ ಹುಡುಗರು ಕೆಲ ವರ್ಷಗಳ ಮೇಲೆ ಊರ ಮಠದ ಕಟ್ಟೆಗೆ ಗವಾಯಿಗಳಾಗಿ ಬಂದು ಕೂತದ್ದನ್ನು, ಪುರಾಣದ ಮಂಗಲದ ದಿನ ಶಾಲು ಹೊದೆದು ಸಂಭಾವನೆ ಪಡೆದದ್ದನ್ನು ಜನ ನೋಡಿದ್ದರು.

ಅಂಗವಿಕಲ ಮಕ್ಕಳ ಪಾಲಕರಿಗೆಂದು ಹೊರಡುತ್ತಿರುವ ಈ ಸಂಚಿಕೆಗೆ ಒಂದು ಸಂಸ್ಥೆಯ ಚರಿತ್ರೆ ಬರೆಯಬೇಕೆಂದಾಗ ನಾನು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಆರಿಸಿಕೊಂಡದ್ದು ಭಕ್ತಿಯಿಂದಷ್ಟೇ ಅಲ್ಲ. ಪುಣ್ಯಾಶ್ರಮವನ್ನು ಸಂಗೀತದ ಕೇಂದ್ರವೆಂದು, ಅನ್ನದಾಸೋಹದ ಜಾಗವೆಂದು ಬೇಕಾದಷ್ಟು ಜನ ಬರೆದಿದ್ದಾರೆ. ಕಣ್ಣಿಲ್ಲದ ಮಗುವನ್ನು ದುಡಿಯುವ ವಯಸ್ಸಿಗೆ ಚಿಕ್ಕಂದಿನಿಂದಲೇ ಅಣಿಗೊಳಿಸಿದ ಶಾಲೆಯೆಂದು ಅದನ್ನು ನೋಡಿದವರು ಕಡಿಮೆ. ನನ್ನ ಮಟ್ಟಿಗೆ ಅದರ ದೊಡ್ಡ ಸಾಧನೆ ಅದೇ.

ಕಥೆ ಶುರುವಾಗುವುದು ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. 1892ರಲ್ಲಿ ಅಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಒಡಹುಟ್ಟಿದ ಗುರುಬಸಯ್ಯನಿಗೂ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು. ಆ ಕಾಲದಲ್ಲಿ ಅಂಥ ಹುಡುಗರ ಮುಂದಿದ್ದ ದಾರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ: ಮನೆಯ ಮೂಲೆ, ಇಲ್ಲವೇ ಗುಡಿಯ ಮೆಟ್ಟಿಲು. ಈ ಹುಡುಗರ ಹಾಡಿಕೆ ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದ ಅದೇ ಸ್ವಾಮಿಗಳು. ಅವರು ಹುಡುಗರಿಗೆ ಅನ್ನ ಹಾಕಿ ಕೂರಿಸಲಿಲ್ಲ, ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯ ಕರ್ನಾಟಕಿಯನ್ನೂ ಕಲಿತ, ಹಿಂದುಸ್ತಾನಿಯನ್ನೂ ಕಲಿತ. ಮುಂದೆ ಪಂಚಾಕ್ಷರ ಗವಾಯಿಗಳೆಂದು, ಉಭಯ ಗಾನ ವಿಶಾರದರೆಂದು ನಾಡು ಕರೆದದ್ದು ಅವರನ್ನೇ.

ತಾವು ಕಲಿತದ್ದನ್ನು ಗವಾಯಿಗಳು ತಮ್ಮಂಥ ಮಕ್ಕಳಿಗೆ ಹಂಚಲು ಹೊರಟರು. ಆ ಶಾಲೆಗೆ ಮೊದಲಿಗೆ ಕಟ್ಟಡ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುವ ಸಂಚಾರಿ ಪಾಠಶಾಲೆ ಅದು. ಹಾಡಿದ ಊರಲ್ಲಿ ಊಟ, ಸಿಕ್ಕ ಕಾಣಿಕೆಯಲ್ಲಿ ಮುಂದಿನ ಪಯಣ. ಇದನ್ನು ಬಡತನದ ಕಥೆಯಾಗಿ ಹೇಳುವುದು ರೂಢಿ. ನನಗೆ ಅದರಲ್ಲಿ ಬೇರೆಯದೂ ಕಾಣುತ್ತದೆ. ಕಣ್ಣಿಲ್ಲದ ಹುಡುಗ ಎಂಟು ಹತ್ತು ವರ್ಷಕ್ಕೇ ಗುರುವಿನ ಜೊತೆ ಹೊಸ ಊರಿಗೆ ಹೋಗಿ, ಹೊಸ ಜನರ ನಡುವೆ ಉಂಡು, ಹೊಸ ಜಾಗದಲ್ಲಿ ಮಲಗಿ, ರಾತ್ರಿ ಸಭೆಯಲ್ಲಿ ಕೂತು ಹಾಡಿದರೆ ಅವನು ಕಲಿಯುವುದು ರಾಗವನ್ನಷ್ಟೇ ಅಲ್ಲ. ಗೊತ್ತಿಲ್ಲದ ಊರಲ್ಲಿ ಬಾವಿಯ ದಾರಿ ಕೇಳುವುದು, ಯಾರ ಭುಜ ಹಿಡಿದು ನಡೆಯಬೇಕೆಂದು ತಿಳಿಯುವುದು, ತನ್ನ ಬಟ್ಟೆಬರೆ ತಾನು ನೋಡಿಕೊಳ್ಳುವುದು ಎಲ್ಲ ಅದರೊಳಗೇ ಬಂದುಬಿಡುತ್ತದೆ. ಇಂದು ಇದಕ್ಕೆಲ್ಲ ಬೇರೆ ಬೇರೆ ತರಬೇತಿ, ಬೇರೆ ಬೇರೆ ತಜ್ಞರು. ಕೊನೆಗೆ ದಾನಿಗಳ ನೆರವಿನಿಂದ ಶಾಲೆ ಗದುಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು.

ಪುಟ್ಟರಾಜರ ಬಾಲ್ಯ ಈ ಸಂಚಿಕೆಯ ಓದುಗರಿಗೆ ಹೆಚ್ಚು ಹತ್ತಿರದ್ದು. 1914ರ ಮಾರ್ಚ್ 3ರಂದು ಅವರ ಜನನ. ಕೂಸಾಗಿದ್ದಾಗಲೇ ಕಣ್ಣು ಹೋದವು. ಚಿಕ್ಕಂದಿನಲ್ಲೇ ತಂದೆಯ ಆಸರೆಯೂ ತಪ್ಪಿ ಸೋದರಮಾವನ ಮನೆಯಲ್ಲಿ ಬೆಳೆದರು. ಮಾವ ಹಾರ್ಮೋನಿಯಂ ನುಡಿಸುತ್ತಿದ್ದರು. ಕಣ್ಣಿಲ್ಲದ ಅಳಿಯ ಆ ಪೇಟಿಯ ಮುಂದೆ ಕೂತು ತಾನೇ ಸ್ವರ ಹುಡುಕುತ್ತಿದ್ದುದನ್ನು ಮಾವ ಗಮನಿಸಿದರು, ಪಂಚಾಕ್ಷರ ಗವಾಯಿಗಳ ಬಳಿಗೆ ಕರೆದೊಯ್ದರು. ಈ ಸಂಗತಿಯನ್ನು ಪವಾಡದ ಧಾಟಿಯಲ್ಲಿ ಹೇಳುವವರಿದ್ದಾರೆ. ನಾನು ಆ ಮಾವನ ಪರ. ‘ಮುಟ್ಟಬ್ಯಾಡ, ಒಡೀತಿ’ ಎಂದು ಪೇಟಿಯನ್ನು ಅಟ್ಟದ ಮೇಲಿಡುವ ಮನೆಗಳೇ ಜಾಸ್ತಿ ಇರುವ ಊರಲ್ಲಿ, ಅವರು ಮಗುವಿನ ಕೈಗೆ ಅದನ್ನು ಸಿಗಗೊಟ್ಟರು. ಮಗು ಯಾವುದರ ಹತ್ತಿರ ತಾನಾಗಿ ಹೋಗುತ್ತದೆ ಎಂದು ನೋಡುವಷ್ಟು ಪುರಸೊತ್ತು ಮಾಡಿಕೊಂಡರು. ಎಷ್ಟೋ ಪರೀಕ್ಷಾ ನಮೂನೆಗಳು ಇದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ.

ಗಾಯನ, ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲದರಲ್ಲೂ ಪುಟ್ಟರಾಜರ ಕೈ ಆಡುತ್ತಿತ್ತು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರೆದರು. ಬ್ರೈಲ್ ಲಿಪಿಯನ್ನು ಒಲಿಸಿಕೊಂಡರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು. ಅವರ ಹಿರಿಮೆ ಎಲ್ಲರಿಗೂ ಗೊತ್ತಿರುವುದೇ. ನಮಗೆ ಬೇಕಾದದ್ದು ಆಶ್ರಮದ ಲೆಕ್ಕಾಚಾರ. ನೂರಾರು ಮಕ್ಕಳ ಊಟಕ್ಕೆ ದಾರಿ ಬೇಕಿತ್ತು. ನಾಟಕ ಕಂಪನಿ ನಡೆಸಿದರು, ಶರಣರ ಚರಿತ್ರೆಗಳನ್ನು ತಾವೇ ನಾಟಕವಾಗಿ ಬರೆದರು, ಅದರ ಹುಟ್ಟುವಳಿ ಆಶ್ರಮದ ಒಲೆಗೆ ಹೋಯಿತು. ಊರೂರ ಭಕ್ತರು ಪುಟ್ಟರಾಜ ಅಜ್ಜನವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದಲ್ಲಿ, ದವಸದಲ್ಲಿ ತೂಗಿದ ತುಲಾಭಾರಗಳು ಎರಡು ಸಾವಿರ ದಾಟಿದವು ಎನ್ನುತ್ತಾರೆ. ತೂಗಿದ್ದೆಲ್ಲ ಮಕ್ಕಳ ಪಾಲು. ಜಾತಿ ಕೇಳದೆ, ಕಣ್ಣಿದ್ದವರನ್ನೂ ಇಲ್ಲದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಜಾಗ ಅದು. ಗಾಯಕ ಬಸವರಾಜ ರಾಜಗುರು ಕಲಿತದ್ದು ಪಂಚಾಕ್ಷರ ಗವಾಯಿಗಳ ಬಳಿ. 2016ರಲ್ಲಿ ಪದ್ಮಶ್ರೀ ಪಡೆದ ಗಾಯಕ ವೆಂಕಟೇಶ ಕುಮಾರ್ ಬಾಲಕನಾಗಿ ಬಂದು ಪುಟ್ಟರಾಜರ ಬಳಿ ಕಲಿತರು. ಇಬ್ಬರಿಗೂ ಕಣ್ಣಿದ್ದವು. ಕಣ್ಣಿದ್ದವನು ಕಣ್ಣಿಲ್ಲದ ಗುರುವಿಗೆ ತಲೆಬಾಗುವುದನ್ನು ದಿನಾ ಕೇಳಿ ಬೆಳೆದ ಅಂಧ ಹುಡುಗನಿಗೆ ಆತ್ಮಗೌರವದ ಮೇಲೆ ಬೇರೆ ಭಾಷಣ ಬೇಕಾಗಲಿಲ್ಲ.

ಕಲಿತ ವಿದ್ಯೆಗೆ ಗಿರಾಕಿ ಎಲ್ಲಿದ್ದರು? ಇಲ್ಲಿಯೇ ಆಶ್ರಮದ ಜಾಣತನ ಇರುವುದು. ಶ್ರಾವಣ ಬಂತೆಂದರೆ ಧಾರವಾಡ, ಗದಗ, ಕೊಪ್ಪಳ, ರಾಯಚೂರು, ಕಲಬುರಗಿ ಸೀಮೆಯ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಬಸವ ಪುರಾಣವೋ ಶರಣಬಸವೇಶ್ವರರ ಪುರಾಣವೋ, ತಿಂಗಳುಗಟ್ಟಲೆ ಸಂಜೆ ಪ್ರವಚನ. ಹೇಳುವವರು ಒಬ್ಬರಾದರೆ ಪದ್ಯ ಹಾಡಲು ಗವಾಯಿ ಬೇಕು, ತಬಲಾಕ್ಕೆ ಇನ್ನೊಬ್ಬರು ಬೇಕು. ಒಂದೊಂದು ಹಳ್ಳಿಗೂ ಇಬ್ಬರು ಕಲಾವಿದರಂತೆ ಲೆಕ್ಕ ಹಾಕಿದರೆ ಎಷ್ಟು ಕೈಗಳಿಗೆ ಕೆಲಸ! ಜಾತ್ರೆ, ಶಿವಾನುಭವ, ಮದುವೆ, ಭಜನೆ ಬೇರೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, 1971ರ ತನಕ ಬಾಗಿಲು ತೆರೆಯಲಿಲ್ಲ. ಆ ಮೂವತ್ತು ವರ್ಷ ಹಳ್ಳಿಯ ಮಠಗಳಲ್ಲಿ ಪೇಟಿ ನಿಲ್ಲಲಿಲ್ಲ, ಅದನ್ನು ನಂಬಿದವರ ಹೊಟ್ಟೆಪಾಡೂ ಕೆಡಲಿಲ್ಲ. ಕೆಲಸ ಕಲಿಸಿ ಆಮೇಲೆ ಗಿರಾಕಿ ಹುಡುಕುವ ಪದ್ಧತಿ ಗದುಗಿನದಲ್ಲ. ಗಿರಾಕಿ ಇರುವ ಕೆಲಸವನ್ನೇ ಕಲಿಸಿದರು.

ಕಲಿಸಿದ ಕ್ರಮವೂ ನೋಡತಕ್ಕದ್ದು. ಹಿರಿಯ ಶಿಷ್ಯ ಹಾಡುತ್ತಾನೆ, ಕಿರಿಯ ಸಾಥ್ ಕೊಡುತ್ತಾನೆ. ಮೊದಲು ತಾಳ, ಆಮೇಲೆ ಶ್ರುತಿ, ಕಡೆಗೆ ಪೇಟಿ. ಪದ್ಯವೆಲ್ಲ ಬಾಯಿಪಾಠ. ಹದಿನಾಲ್ಕು ಹದಿನೈದಕ್ಕೆ ಸಭೆಯ ಭಯ ಹೋಗಿರುತ್ತದೆ, ಕೈಗೆ ನಾಲ್ಕು ಕಾಸಿನ ಸಂಭಾವನೆಯೂ ಬಂದಿರುತ್ತದೆ. ಕಲಿಸುವವನಿಗೂ ಕಣ್ಣಿಲ್ಲವಾದ್ದರಿಂದ ‘ನನ್ನ ಕೈಲಿ ಆಗೂದಿಲ್ರಿ’ ಎಂಬ ನೆಪ ನಡೆಯುವುದಿಲ್ಲ. ಮಗುವಿನ ಕೊರತೆಯನ್ನು ತಾನೂ ಹೊತ್ತು ದುಡಿಯುವ ಹಿರಿಯನೊಬ್ಬ ಎದುರಿಗಿದ್ದರೆ ಅರ್ಧ ಪಾಠ ಮುಗಿದಂತೆ. ನಮ್ಮ ಇಂದಿನ ಶಾಲೆಗಳಲ್ಲಿ ಅಂಥ ಹಿರಿಯರು ಎಷ್ಟು ಮಂದಿ ಇದ್ದಾರೆ ಎಂದು ಎಣಿಸಿದರೆ ಬೇಸರವಾಗುತ್ತದೆ.

ಹೊಗಳಿಕೆ ಇಷ್ಟು ಸಾಕು. ಗದುಗಿನ ದಾರಿಗೆ ಮಿತಿಯೂ ಇದೆ. ಕಣ್ಣಿಲ್ಲದವರೆಲ್ಲ ಹಾಡುಗಾರರಾಗಿ ಹುಟ್ಟುವುದಿಲ್ಲ. ಕಂಠವಿಲ್ಲದ, ತಾಳ ನಿಲ್ಲದ ಹುಡುಗನಿಗೂ ಊರವರು ಗದುಗನ್ನೇ ತೋರಿಸಿದರು. ಅದು ಆಶ್ರಮದ ತಪ್ಪಲ್ಲ, ಬೇರೆ ಬಾಗಿಲು ತೆರೆಯದ ನಮ್ಮೆಲ್ಲರ ತಪ್ಪು. ಪುರಾಣಕ್ಕೆ ಊರೂರು ತಿರುಗುವ ಬದುಕು ಹೆಣ್ಣುಮಕ್ಕಳಿಗೆ ಒದಗಿದ್ದು ಬಹಳ ಕಡಿಮೆ. ಕಿವಿ ಕೇಳದ ಮಗುವಿಗಾಗಲಿ ಬುದ್ಧಿ ನಿಧಾನವಾಗಿ ಬೆಳೆಯುವ ಮಗುವಿಗಾಗಲಿ ಈ ದಾರಿ ಹೊಂದುವುದಿಲ್ಲ.

ಬೇರೆ ಪ್ರಯತ್ನಗಳು ಇರಲಿಲ್ಲವೆಂದಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದಿನದು. ಅಂಧರ ಶಾಲೆಗಳಲ್ಲಿ ಬೆತ್ತದ ಕುರ್ಚಿ ಹೆಣೆಯುವುದು, ಮೇಣದಬತ್ತಿ, ಸೀಮೆಸುಣ್ಣ ಮಾಡುವುದು ವೃತ್ತಿಶಿಕ್ಷಣವಾಗಿ ನಡೆದವು. ಪ್ಲಾಸ್ಟಿಕ್ ಕುರ್ಚಿ ಬಂತು, ಬೆತ್ತ ಹೆಣೆಯುವ ಕೈ ಖಾಲಿಯಾಯಿತು. ಆಮೇಲೆ ಅಂಗವಿಕಲರಿಗೆ ಎಸ್‌ಟಿಡಿ ಬೂತ್ ಕೊಟ್ಟರು. ಎಷ್ಟೋ ಸಂಸಾರಗಳು ಆ ಹಳದಿ ಪೆಟ್ಟಿಗೆಯ ಮೇಲೆ ನಡೆದವು. ಮೊಬೈಲ್ ಬಂದು ಅದನ್ನೂ ಮುಚ್ಚಿತು. ಬೆಂಗಳೂರಿನಲ್ಲಿ ಪೋಲಿಯೋ ಪೀಡಿತರಾದ ಎನ್. ಎಸ್. ಹೇಮಾ 1959ರಲ್ಲಿ ಹುಟ್ಟುಹಾಕಿದ ಅಂಗವಿಕಲರ ಸಂಸ್ಥೆ ತೋಟಗಾರಿಕೆಯಂಥ ಕೆಲಸಗಳನ್ನು ಕಲಿಸಿತು. ಸಸಿ ಮಡಿ ಮಾಡುವುದಕ್ಕೆ, ಕುಂಡಕ್ಕೆ ಮಣ್ಣು ತುಂಬುವುದಕ್ಕೆ ಓದು ಬಾರದಿದ್ದರೂ ಅಡ್ಡಿಯಿಲ್ಲ, ನಗರದಲ್ಲಿ ಕೊಳ್ಳುವವರೂ ಇದ್ದಾರೆ. ಈಗ ಕನ್ನಡ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಬಂದಿದೆ, ಕಣ್ಣಿಲ್ಲದ ಹುಡುಗಿ ಕಂಪ್ಯೂಟರ್ ಮುಂದೆ ಕೂತು ಬ್ಯಾಂಕಿನ ಕೆಲಸ ಮಾಡುತ್ತಾಳೆ. ಈ ಕೆಲಸವೂ ಎಷ್ಟು ಕಾಲವೋ. ಕಸುಬು ಬದಲಾಗುತ್ತದೆ. ಹೊತ್ತಿಗೆ ಸರಿಯಾಗಿ ಹೋಗುವುದು, ಬೇರೆಯವರೊಡನೆ ಹೊಂದಿ ದುಡಿಯುವುದು, ತಪ್ಪಾದರೆ ಬೈಸಿಕೊಂಡು ಮತ್ತೆ ಕೂರುವುದು ಬದಲಾಗುವುದಿಲ್ಲ. ಗದುಗಿನ ಮಕ್ಕಳಿಗೆ ಅದು ಎಂಟು ಹತ್ತು ವರ್ಷಕ್ಕೇ ಮೈಗೂಡಿತ್ತು.

ಈಗ ಕಾನೂನು ನಮ್ಮ ಕಡೆ ಇದೆ. 1995ರ ಅಂಗವಿಕಲರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 3 ಮೀಸಲು ಕೊಟ್ಟಿತ್ತು, 2016ರ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿತು, 21 ಬಗೆಯ ವೈಕಲ್ಯಗಳನ್ನು ಗುರುತಿಸಿತು, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಹದಿನೆಂಟರ ಮರುದಿನ ಏನು? ಬುದ್ಧಿಮಾಂದ್ಯ ಮಕ್ಕಳ ಅನೇಕ ಶಾಲೆಗಳಲ್ಲಿ ‘ವೃತ್ತಿಪೂರ್ವ’ ತರಗತಿ ಶುರುವಾಗುವುದೇ ಹದಿನೈದರ ಸುಮಾರಿಗೆ. ನನ್ನ ಅಭಿಪ್ರಾಯದಲ್ಲಿ ಅದು ತೀರ ತಡ. ಹದಿನೈದರ ತನಕ ತಾಯಿ ತುತ್ತು ಕೊಟ್ಟು, ಅಂಗಿಗುಂಡಿ ಹಾಕಿ ಬೆಳೆಸಿದ ಮಗನನ್ನು ಮೂರು ವರ್ಷದಲ್ಲಿ ಕೆಲಸಗಾರನನ್ನಾಗಿ ಮಾಡಿ ಕೊಡಿ ಎಂದರೆ ಯಾವ ಶಿಕ್ಷಕಿಯ ಕೈಲಾದೀತು? ಐದು ವರ್ಷಕ್ಕೆ ಉಂಡ ತಟ್ಟೆ ತೊಳೆಯುವುದು, ಎಂಟಕ್ಕೆ ಅಂಗಡಿಯಿಂದ ಬೆಲ್ಲ ತಂದು ಚಿಲ್ಲರೆ ಎಣಿಸುವುದು, ಹನ್ನೆರಡಕ್ಕೆ ಬಸ್ಸಿನಲ್ಲಿ ಟಿಕೆಟ್ ಕೇಳುವುದು ಮನೆಯಲ್ಲೇ ಆಗಬೇಕಾದ ಪಾಠ. ಮಗು ಎಡವುತ್ತದೆ, ಚಿಲ್ಲರೆ ಕಳೆಯುತ್ತದೆ, ನೋಡಿದವರು ‘ಪಾಪ’ ಎನ್ನುತ್ತಾರೆ. ಎನ್ನಲಿ. ಕರುಣೆಯ ಹೆಸರಿನಲ್ಲಿ ನಾವು ಮಕ್ಕಳಿಂದ ಕಿತ್ತುಕೊಳ್ಳುವ ಕೆಲಸಗಳು ಮುಂದೆ ಅವರ ಅನ್ನವನ್ನೂ ಕಿತ್ತುಕೊಳ್ಳುತ್ತವೆ.

ಪಂಚಾಕ್ಷರ ಗವಾಯಿಗಳ ಮೇಲೆ 1995ರಲ್ಲಿ ಚಲನಚಿತ್ರ ಬಂತು, ಅದರ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ದೊಡ್ಡವರ ಕಥೆ ಹೀಗೆ ಉಳಿಯುತ್ತದೆ. ಪುರಾಣದ ತಬಲಾಕ್ಕೆ ಕೂತು ಮಕ್ಕಳನ್ನು ಓದಿಸಿದ, ಹೈಸ್ಕೂಲಿನಲ್ಲಿ ಸಂಗೀತ ಮಾಸ್ತರಾಗಿ ನಿವೃತ್ತನಾದ, ಸಂತೆ ದಿನ ಭಜನಾ ಮೇಳ ನಡೆಸುವ ಶಿಷ್ಯನ ಕಥೆ ಅವನ ಊರು ಬಿಟ್ಟು ಆಚೆಗೆ ಬರುವುದಿಲ್ಲ. ಅಂಗವಿಕಲ ಮಕ್ಕಳ ತಂದೆತಾಯಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಕಥೆಗಳೇ. ನಿಮ್ಮೂರಲ್ಲಿ ಅಂಥವರಿದ್ದರೆ ಹೋಗಿ ಕೂತು ಕೇಳಿ: ಎಷ್ಟನೇ ವಯಸ್ಸಿಗೆ ಮನೆ ಬಿಟ್ಟರು, ಮೊದಲು ಏನು ಕಲಿತರು, ಯಾರ ಸಾಥಿಗೆ ಕೂತರು, ಮೊದಲ ಸಂಭಾವನೆ ಎಷ್ಟು, ಅದನ್ನು ಏನು ಮಾಡಿದರು. ಕೇಳಿದ್ದನ್ನು ಬರೆದು, ಸಾಧ್ಯವಾದರೆ ಅವರ ಹಾಡಿನ ಧ್ವನಿಮುದ್ರಣದೊಡನೆ, ಈ ಸಂಚಿಕೆಯ ಸಂಪಾದಕರಿಗೆ ಕಳಿಸಿಕೊಡಿ.