ನೂರು ವರ್ಷ ಹಳೆಯ ಬಂದೂಕಿಗೆ ಲೈಸೆನ್ಸ್ ಬೇಡವೇ?

ಕುದುರೆ ಸವಾರರ ಹಳೆಯ ಕೋವಿಯ ಫೋಟೊ, ಅದರ ಕೆಳಗೆ "ನೂರು ವರ್ಷ ದಾಟಿದ್ದು ಆಂಟಿಕ್, ಲೈಸೆನ್ಸ್ ಬೇಕಿಲ್ಲ" ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ. ನಂಬಿ ಕೋವಿ ಕೊಂಡರೆ ಕೇಸು ಬೀಳಬಹುದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೆಯ ಆಯುಧಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಅಲ್ಲಿ ವಯಸ್ಸಿನ ಲೆಕ್ಕವೇ ಇಲ್ಲ. ಆಯುಧ ಹಳೆಯ ಮಾದರಿಯದ್ದೋ, ಪ್ರಾಚೀನ ಮೌಲ್ಯದ್ದೋ, ಕೆಟ್ಟುಹೋದದ್ದೋ ಆಗಿರಬೇಕು. ಜೊತೆಗೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದರಿಂದ ಗುಂಡು ಹಾರಿಸಲು ಸಾಧ್ಯವಿರಬಾರದು. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವುದು ಈ ಷರತ್ತೇ. ಚಕಮಕಿ ಕಲ್ಲಿನ ಕೋವಿಗೆ ಕಲ್ಲು ಇಲ್ಲದಿದ್ದರೇನು? ಹೊಸದು ಕೂರಿಸಬಹುದು. ಕುದುರೆ ಮುರಿದಿದೆಯೇ? ಬೇರೆ ಮಾಡಿಸಬಹುದು. ಅಂದರೆ ರಿಪೇರಿಗೆ ಬಗ್ಗುವ ಕೋವಿಗೆ ಈ ವಿನಾಯಿತಿ ಸಿಗದು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, 2ರಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. (ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯೇ ಬೇರೆ. ಅದನ್ನು ತೋರಿಸಿ ಬೇರೆಯವರು ತಪ್ಪಿಸಿಕೊಳ್ಳಲಾಗದು.)

ಅಶ್ವದಳದ ಕೋವಿಗಳಿಗೆ ಸಂಗ್ರಾಹಕರು ಮುಗಿಬೀಳಲು ಕಾರಣವಿದೆ. ಕಾಲಾಳಿನ ಬ್ರೌನ್ ಬೆಸ್ ಕೋವಿಯ ಇಂಡಿಯಾ ಮಾದರಿಯ ನಳಿಕೆ 39 ಇಂಚು. ಬ್ರಿಟಿಷ್ ಸವಾರರ ಪ್ಯಾಜೆಟ್ ಕಾರ್ಬೈನ್‌ನದ್ದು ಬರೀ 16 ಇಂಚು. ಓಡುವ ಕುದುರೆಯ ಮೇಲೆ ಉದ್ದ ಕೋವಿ ಹಿಡಿದು ಮದ್ದು ತುಂಬುವುದು ಕಷ್ಟ. ಮದ್ದು ಜಡಿಯುವ ಸರಳು ಕೈ ಜಾರಿ ಬಿದ್ದರೆ ಸವಾರ ಇಳಿದು ಹುಡುಕುವಂತಿಲ್ಲ. ಹಾಗಾಗಿ ಸರಳನ್ನು ನಳಿಕೆಯ ಬಾಯಿಯ ಬಳಿ ತಿರುಗುವ ಕೊಂಡಿಗೆ ಸೇರಿಸಿರುತ್ತಿದ್ದರು. ಪಕ್ಕದಲ್ಲಿ ಒಂದು ಕಂಬಿ, ಅದರಲ್ಲಿ ಬಳೆ; ಭುಜದ ಪಟ್ಟಿಗೆ ಅದನ್ನು ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ.

ನಕಲಿ ಮಾಲೂ ಬೇಕಾದಷ್ಟಿದೆ. ಕಿರೀಟದ ಗುರುತು, "ಟವರ್" ಎಂಬ ಅಕ್ಷರ, ಹಳೆಯ ಇಸವಿ ಕೆತ್ತಿದ ಹೊಸ ಕೋವಿಗಳು ಪ್ರವಾಸಿಗರ ಪೇಟೆಗಳಲ್ಲಿ ಸಿಗುತ್ತವೆ. ಅಕ್ಷರ ಕೆತ್ತುವುದು ಸುಲಭ. ಇನ್ನು ಅಸಲಿಯೇ ಸಿಕ್ಕರೂ ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ನಡೆಸುವಂತೆಯೂ ಇಲ್ಲ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಇದನ್ನು ತಡೆಯುತ್ತದೆ.

ಅಟ್ಟದಲ್ಲಿ ಅಜ್ಜನ ಕಾಲದ ಕೋವಿ ಸಿಕ್ಕಿತೆನ್ನಿ. ಮೊದಲು, ಅದರಲ್ಲಿ ಮದ್ದು ಇದೆಯೆಂದೇ ತಿಳಿಯಿರಿ. ಕರಿ ಮದ್ದು ಒಣಗಿದ್ದರೆ ಎಷ್ಟೋ ವರ್ಷಗಳ ಮೇಲೂ ಹೊತ್ತಿಕೊಳ್ಳಬಲ್ಲದು. ಬಾಯಿಯೊಳಗೆ ಇಣುಕಬೇಡಿ, ಕುದುರೆ ಎಳೆಯಬೇಡಿ, ಬಿಸಿ ಮಾಡಬೇಡಿ. ಹೊಳಪು ಬರಲೆಂದು ಮರಳು ಕಾಗದ ಹಾಕಿ ಉಜ್ಜಲೂ ಬೇಡಿ. ತಯಾರಕರ ಗುರುತು ಅಳಿದರೆ ಬೆಲೆಯೂ ಹೋಯಿತು. ಇದ್ದಲ್ಲೇ ಬಿಟ್ಟು ಹತ್ತಿರದ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಅದರಿಂದ ಗುಂಡು ಹಾರುತ್ತದೆಯೋ ಇಲ್ಲವೋ ಎಂಬುದನ್ನು ಶಸ್ತ್ರ ತಜ್ಞರೇ ಪರೀಕ್ಷಿಸಿ ಹೇಳಲಿ.